ಟಿಪ್‌ಗೆ ಹೊರಡುವ ಮೊದಲು: ಇಂಗ್ಲೆಂಡಿನಲ್ಲಿ ಹಳೇ ಸಾಮಾನು ಹಾಕೋಕೂ ವಿಳಾಸ ಬೇಕು

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಕಾರಿನ ಹಿಂದಿನ ಸೀಟು ಮಡಿಸಿದೆವು. ಮುರಿದ ಕಪಾಟು, ಹಿಡಿ ಕಿತ್ತುಬಂದ ಎರಡು ಸೂಟ್‌ಕೇಸು, ಹೊಸ ಮಂಚ ಬಂದಿದ್ದ ರಟ್ಟಿನ ಡಬ್ಬಗಳು, ಎಲ್ಲ ತುಂಬಿಕೊಂಡು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ನಡೆಸುವ ಮರುಬಳಕೆ ಕೇಂದ್ರಕ್ಕೆ, ಜನ ಟಿಪ್ ಅನ್ನುವ ಜಾಗಕ್ಕೆ, ಹೊರಟೆವು. ಸಾಲಿನಲ್ಲಿ ಅರ್ಧ ಗಂಟೆ ಕಾದ ಮೇಲೆ ಗೇಟು ಸಿಕ್ಕಿತು. ಹಳದಿ ಜಾಕೆಟ್ ಹಾಕಿದ್ದ ಸಿಬ್ಬಂದಿ ನಗುತ್ತಲೇ ವಿಳಾಸದ ದಾಖಲೆ ಕೇಳಿದರು. ನನ್ನ ಹತ್ತಿರ ಇದ್ದದ್ದು ಮೈಸೂರಿನ ವಿಳಾಸವಿದ್ದ ಡ್ರೈವಿಂಗ್ ಲೈಸೆನ್ಸ್. ಅವರು ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಈ ಊರಿನ ವಿಳಾಸ ಇರುವುದು ಏನಾದರೂ ಇದೆಯಾ ಎಂದು ಕೇಳಿದರು. ಇರಲಿಲ್ಲ. ಕಪಾಟಿನ ಸಮೇತ ಮನೆಗೆ ವಾಪಸ್ ಬಂದೆವು.

ಅವರದೇನೂ ತಪ್ಪಿಲ್ಲ. ನಿಯಮ ಇರುವುದೇ ಹಾಗೆ. ಆದರೆ ಅದನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಆಮೇಲೆ ಈ ಊರಿಗೆ ಬಂದ ಎಷ್ಟೋ ಕನ್ನಡದ ಕುಟುಂಬಗಳಿಗೆ ಇದೇ ಆಗುವುದನ್ನು ನೋಡಿದ್ದೇನೆ. ಕಾರು ತುಂಬಿಸುವ ಮೊದಲೇ ತಿಳಿದಿದ್ದರೆ ಒಂದು ಶನಿವಾರ ಉಳಿಯುತ್ತದೆ, ಕೆಲವೊಮ್ಮೆ ದಂಡವೂ ತಪ್ಪುತ್ತದೆ. ಅದಕ್ಕೇ ಈ ಬರಹ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ. ವೇಲ್ಸ್, ಸ್ಕಾಟ್‌ಲೆಂಡ್‌ಗಳಲ್ಲಿ ಇರುವವರು ತಮ್ಮ ಕೌನ್ಸಿಲ್‌ನ ನಿಯಮವನ್ನೇ ನೋಡಿಕೊಳ್ಳಬೇಕು.

ಟಿಪ್ ಅಂದರೆ ಯಾವುದು, ಇಷ್ಟು ಬಿಗಿ ಯಾಕೆ

ಬೋರ್ಡಿನ ಮೇಲೆ 'ಹೌಸ್‌ಹೋಲ್ಡ್ ವೇಸ್ಟ್ ರೀಸೈಕ್ಲಿಂಗ್ ಸೆಂಟರ್' ಎಂದು ಉದ್ದಕ್ಕೆ ಬರೆದಿರುತ್ತದೆ. ಜನ ಮಾತ್ರ ಟಿಪ್ ಅಂತಲೇ ಅನ್ನುತ್ತಾರೆ. ವಾರ ವಾರ ಮನೆ ಮುಂದಿನ ಬಿನ್‌ಗೆ ಹಾಕಲಾಗದ ದೊಡ್ಡ ಸಾಮಾನು, ಕೆಟ್ಟ ಮಿಕ್ಸಿ, ಹಳೇ ಹಾಸಿಗೆ, ತೋಟದ ಕೊಂಬೆ, ಇವನ್ನೆಲ್ಲ ನಾವೇ ತೆಗೆದುಕೊಂಡು ಹೋಗಿ ಬೇರೆ ಬೇರೆ ಕಂಟೇನರ್‌ಗೆ ಹಾಕುವ ಜಾಗ ಇದು.

ನಮ್ಮ ಊರುಗಳಲ್ಲಿ ಈ ಕೆಲಸವನ್ನು ಗುಜರಿಯವರು ಮಾಡುತ್ತಾರೆ ಅಲ್ವಾ. ಹಳೇ ಪೇಪರ್, ಹಳೇ ಕಬ್ಬಿಣ ಅಂತ ಕೂಗಿಕೊಂಡು ಬಾಗಿಲಿಗೇ ಬರುತ್ತಾರೆ. ತಕ್ಕಡಿಯಲ್ಲಿ ತೂಗಿ, ದುಡ್ಡು ಕೊಟ್ಟು ಒಯ್ಯುತ್ತಾರೆ. ನಿಮ್ಮ ಮನೆ ಯಾವ ವಾರ್ಡಿಗೆ ಸೇರಿದ್ದು ಎಂದು ಯಾರೂ ಕೇಳುವುದಿಲ್ಲ. ಆ ಅಭ್ಯಾಸದಲ್ಲಿ ಬೆಳೆದ ನಮಗೆ ಹಳೇ ಸಾಮಾನು ಹಾಕಲು ದಾಖಲೆ ತೋರಿಸಿ ಎಂದರೆ ವಿಚಿತ್ರ ಅನ್ನಿಸುವುದು ಸಹಜ.

ಇದರ ಹಿಂದೆ ಒಂದು ಲೆಕ್ಕ ಇದೆ. ಹಳೇ ಕಾರು, ಹಾಸಿಗೆ, ಒಲೆಗಳನ್ನು ಜನ ಹಳ್ಳಿ ದಾರಿಗಳ ಪಕ್ಕ ಬಿಸಾಡಿ ಹೋಗುವುದನ್ನು ತಡೆಯಲು ಬ್ರಿಟನ್ 1967ರಲ್ಲಿ ಸಿವಿಕ್ ಅಮೆನಿಟೀಸ್ ಕಾಯ್ದೆ ತಂದಿತು. ಮನೆಯ ದೊಡ್ಡ ಕಸ ಹಾಕಲು ಕೌನ್ಸಿಲ್‌ಗಳೇ ಜಾಗ ಮಾಡಿಕೊಡಬೇಕು ಎಂದಾಯಿತು. ಈಗ ನಡೆಯುತ್ತಿರುವುದು 1990ರ ಪರಿಸರ ಸಂರಕ್ಷಣಾ ಕಾಯ್ದೆಯ 51ನೇ ಸೆಕ್ಷನ್. ಅದರಲ್ಲಿ ಇರುವ ಮಾತು ಇಷ್ಟು: ತನ್ನ ವ್ಯಾಪ್ತಿಯಲ್ಲಿ ವಾಸವಿರುವವರು ಮನೆಯ ಕಸವನ್ನು ಉಚಿತವಾಗಿ ತಂದು ಹಾಕಲು ಕೌನ್ಸಿಲ್ ಜಾಗ ಒದಗಿಸಬೇಕು. ಆ ಜಾಗ ವಾರಾಂತ್ಯದಲ್ಲಿ ಒಂದು ಹೊತ್ತಾದರೂ ತೆರೆದಿರಬೇಕು. 'ತನ್ನ ವ್ಯಾಪ್ತಿಯಲ್ಲಿ ವಾಸವಿರುವವರು' ಅನ್ನುವುದನ್ನು ಗಮನಿಸಿ. ಹೊರಗಿನವರನ್ನು ಬಿಡಬೇಕೋ ಬೇಡವೋ, ಬಿಟ್ಟರೆ ದುಡ್ಡು ತೆಗೆದುಕೊಳ್ಳಬೇಕೋ ಎಂಬುದು ಆಯಾ ಕೌನ್ಸಿಲ್‌ಗೆ ಬಿಟ್ಟದ್ದು.

ದುಡ್ಡಿನ ಪ್ರಶ್ನೆ ಸಣ್ಣದಲ್ಲ. ನೆಲದಲ್ಲಿ ಹೂಳುವ ಪ್ರತಿ ಟನ್ ಕಸಕ್ಕೂ ಲ್ಯಾಂಡ್‌ಫಿಲ್ ತೆರಿಗೆ ಇದೆ. 1996ರಲ್ಲಿ ಶುರುವಾದಾಗ ಟನ್‌ಗೆ 7 ಪೌಂಡ್ ಇತ್ತು. 2025ರ ಏಪ್ರಿಲ್‌ನಲ್ಲಿ ಅದು 126 ಪೌಂಡ್ 15 ಪೆನ್ಸ್‌ಗೆ ಏರಿತ್ತು. ಇದನ್ನೂ ಸಾಗಾಟದ ಖರ್ಚನ್ನೂ ಬಹುಪಾಲು ಭರಿಸುವುದು ಊರಿನವರ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯವರು ಕೌನ್ಸಿಲ್‌ಗೆ ಕಟ್ಟುವ ತೆರಿಗೆ. ಪಕ್ಕದ ಕೌನ್ಸಿಲ್ ತನ್ನ ಕೇಂದ್ರ ಮುಚ್ಚಿದರೆ ಅಥವಾ ಸಮಯ ಕಡಿಮೆ ಮಾಡಿದರೆ ಅಲ್ಲಿನವರೆಲ್ಲ ಇಲ್ಲಿಗೇ ಬರುತ್ತಾರೆ. ಆ ಭಾರ ಬೀಳುವುದು ಇಲ್ಲಿ ತೆರಿಗೆ ಕಟ್ಟುವವರ ಮೇಲೆ. ಇದು ಗೊತ್ತಾದ ಮೇಲೆ ಗೇಟಿನಲ್ಲಿ ನಿಂತವರ ಮೇಲೆ ನನಗೆ ಬೇಸರ ಉಳಿಯಲಿಲ್ಲ.

ಮೊದಲನೆಯದು: ನಿಮ್ಮ ಕೌನ್ಸಿಲ್ ಯಾವುದು, ಖಾತ್ರಿ ಮಾಡಿಕೊಳ್ಳಿ

ಇದೇನು ಕೇಳುವ ಪ್ರಶ್ನೆಯಾ ಅನ್ನಿಸಬಹುದು. ಆದರೆ ಹೆಚ್ಚಿನವರು ಎಡವುವುದು ಇಲ್ಲೇ. ಅಂಚೆ ವಿಳಾಸದಲ್ಲಿ ಇರುವ ಊರಿನ ಹೆಸರೂ ನಿಮ್ಮ ಕೌನ್ಸಿಲ್‌ನ ಹೆಸರೂ ಒಂದೇ ಆಗಿರಬೇಕೆಂದಿಲ್ಲ.

ರೀಡಿಂಗ್ ಊರನ್ನೇ ತೆಗೆದುಕೊಳ್ಳಿ. ಅಲ್ಲಿ ನಮ್ಮವರು ತುಂಬಾ ಇದ್ದಾರೆ. ಲೋಯರ್ ಅರ್ಲಿಯಲ್ಲಿ ಮನೆ ಮಾಡಿದವರ ವಿಳಾಸದಲ್ಲಿ ರೀಡಿಂಗ್ ಎಂದೇ ಇರುತ್ತದೆ, ಪೋಸ್ಟ್‌ಕೋಡ್ ಆರ್‌ಜಿ6. ಆದರೆ ಕೌನ್ಸಿಲ್ ವೋಕಿಂಗ್‌ಹ್ಯಾಮ್. ಪಶ್ಚಿಮಕ್ಕೆ ಕ್ಯಾಲ್ಕಟ್‌ನಲ್ಲಿ ಇರುವವರ ವಿಳಾಸವೂ ರೀಡಿಂಗ್, ಆದರೆ ಕೌನ್ಸಿಲ್ ವೆಸ್ಟ್ ಬರ್ಕ್‌ಷೈರ್. ಇದರಿಂದ ಏನಾಗುತ್ತದೆ ನೋಡಿ. ರೀಡಿಂಗ್, ವೋಕಿಂಗ್‌ಹ್ಯಾಮ್, ಬ್ರ್ಯಾಕ್‌ನೆಲ್ ಫಾರೆಸ್ಟ್ ಈ ಮೂರು ಕೌನ್ಸಿಲ್‌ಗಳು ರೀ3 ಎಂಬ ಹೆಸರಲ್ಲಿ ಸೇರಿಕೊಂಡು ಎರಡು ಕೇಂದ್ರ ನಡೆಸುತ್ತವೆ. ಒಂದು ರೀಡಿಂಗ್‌ನ ಸ್ಮಾಲ್‌ಮೀಡ್, ಇನ್ನೊಂದು ಬ್ರ್ಯಾಕ್‌ನೆಲ್‌ನ ಲಾಂಗ್‌ಶಾಟ್ ಲೇನ್. 2016ರಲ್ಲಿ ಇಲ್ಲಿ ನಿವಾಸಿಗಳಿಗೆ ಮಾತ್ರ ಎಂಬ ನಿಯಮ ಬಂತು. ಲೋಯರ್ ಅರ್ಲಿಯವರು ಈ ಮೂರರ ಒಳಗೆ ಬರುತ್ತಾರೆ. ಕ್ಯಾಲ್ಕಟ್‌ನವರು ಬರುವುದಿಲ್ಲ, ಅವರು ತಮ್ಮ ಕೌನ್ಸಿಲ್‌ನ ಕೇಂದ್ರ ಎಲ್ಲಿದೆ ಎಂದು ವೆಸ್ಟ್ ಬರ್ಕ್‌ಷೈರ್‌ನ ಪುಟದಲ್ಲೇ ನೋಡಿಕೊಳ್ಳಬೇಕು. ವಿಳಾಸದ ಕೊನೆಯ ಸಾಲು ಇಬ್ಬರದೂ ಒಂದೇ.

ಇನ್ನೊಂದು ತೊಡಕು ಎರಡು ಹಂತದ ಆಡಳಿತ: ಮೇಲೆ ನಮ್ಮ ಜಿಲ್ಲೆಯಂಥ ಕೌಂಟಿ, ಕೆಳಗೆ ಊರಿನ ಮಟ್ಟದ ಬರೋ. ವಾಟ್‌ಫರ್ಡ್‌ನಲ್ಲಿ ಇದ್ದರೆ ಮನೆ ಮುಂದಿನ ಬಿನ್ ಖಾಲಿ ಮಾಡಿಸುವುದು ವಾಟ್‌ಫರ್ಡ್ ಬರೋ ಕೌನ್ಸಿಲ್. ಟ್ಯಾಕ್ಸ್ ಬಿಲ್ ಬರುವುದೂ ಅವರಿಂದಲೇ. ಟಿಪ್ ನಡೆಸುವುದು ಮಾತ್ರ ಹರ್ಟ್‌ಫರ್ಡ್‌ಷೈರ್ ಕೌಂಟಿ ಕೌನ್ಸಿಲ್. ಹೀಗಿರುವ ಕಡೆ ಟಿಪ್‌ನ ನಿಯಮವನ್ನು ಕೌಂಟಿಯ ವೆಬ್‌ಸೈಟಿನಲ್ಲಿ ಹುಡುಕಬೇಕು. ಒಂದು ಅನುಕೂಲ ಏನೆಂದರೆ, ಕೌಂಟಿಯ ಯಾವ ಕೇಂದ್ರಕ್ಕಾದರೂ ನೀವು ಸಾಮಾನ್ಯವಾಗಿ ಹೋಗಬಹುದು.

ಲಂಡನ್‌ನಲ್ಲಿ ಇದು ಮತ್ತೊಂದು ಥರ. ಕೆಲವು ಬರೋಗಳು ಗುಂಪಾಗಿ ಕಸದ ಪ್ರಾಧಿಕಾರ ಮಾಡಿಕೊಂಡಿವೆ. ಪೂರ್ವದಲ್ಲಿ ನ್ಯೂಹ್ಯಾಮ್, ರೆಡ್‌ಬ್ರಿಜ್, ಹೇವರಿಂಗ್, ಬಾರ್ಕಿಂಗ್ ಅಂಡ್ ಡ್ಯಾಗೆನ್‌ಹ್ಯಾಮ್ ಒಂದು ಗುಂಪು. ಹಾಗಾಗಿ ಈಸ್ಟ್ ಹ್ಯಾಮ್‌ನವರೂ ಇಲ್ಫರ್ಡ್‌ನವರೂ ಬೇರೆ ಬೇರೆ ಬರೋದವರಾದರೂ ಒಂದೇ ಗುಂಪಿಗೆ ಸೇರಿದವರು. ಉತ್ತರದಲ್ಲಿ ಬಾರ್ನೆಟ್, ಎನ್‌ಫೀಲ್ಡ್, ಹ್ಯಾರಿಂಗೆ ಸೇರಿ 7 ಬರೋಗಳ ಗುಂಪು ಇದೆ. ಪಶ್ಚಿಮದ ಹ್ಯಾರೋ, ಹೌನ್ಸ್‌ಲೋ, ಈಲಿಂಗ್ ಕೂಡ ಒಂದು ಗುಂಪಿನಲ್ಲಿವೆ. ಆದರೆ ಗುಂಪಿನಲ್ಲಿ ಇದ್ದ ಮಾತ್ರಕ್ಕೆ ಎಲ್ಲ ಕೇಂದ್ರಗಳೂ ಎಲ್ಲರಿಗೂ ತೆರೆದಿವೆ ಎಂದುಕೊಳ್ಳಬೇಡಿ. ನಿಮ್ಮ ಬರೋದ ಪುಟ ನೋಡಿಯೇ ಹೊರಡಿ.

ಖಾತ್ರಿ ಮಾಡಿಕೊಳ್ಳಲು ಎರಡು ಸುಲಭ ದಾರಿ ಇವೆ. ಕೌನ್ಸಿಲ್ ಟ್ಯಾಕ್ಸ್ ಬಿಲ್‌ನ ತಲೆಯಲ್ಲಿ ಯಾರ ಹೆಸರಿದೆ ನೋಡಿ. ಬಿಲ್ ಇನ್ನೂ ಬಂದಿಲ್ಲವೆಂದರೆ ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಕೌನ್ಸಿಲ್ ಯಾವುದೆಂದು ಅದೇ ಹೇಳುತ್ತದೆ. ಕೆಲವು ವರ್ಷದ ಹಿಂದೆ ಬಂದ ಗೆಳೆಯರ ಮಾತು ಮಾತ್ರ ನಂಬಬೇಡಿ. ಕೌನ್ಸಿಲ್‌ಗಳೇ ಬದಲಾಗುತ್ತಿರುತ್ತವೆ. ನಾರ್ತಾಂಪ್ಟನ್‌ಷೈರ್‌ನಲ್ಲಿ 2021ರಲ್ಲಿ ಹಳೇ ಕೌಂಟಿ, ಬರೋಗಳೆಲ್ಲ ಹೋಗಿ ಎರಡೇ ಹೊಸ ಕೌನ್ಸಿಲ್ ಬಂದವು.

ಎರಡನೆಯದು: ವಿಳಾಸದ ದಾಖಲೆ ಕೈಯಲ್ಲಿರಲಿ

ಹೆಚ್ಚಿನ ಕಡೆ ಒಪ್ಪುವುದು ಮೂರು: ಇಲ್ಲಿನ ವಿಳಾಸವಿರುವ ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್, ಈ ವರ್ಷದ ಕೌನ್ಸಿಲ್ ಟ್ಯಾಕ್ಸ್ ಬಿಲ್, ಇತ್ತೀಚಿನ ಕರೆಂಟ್, ಗ್ಯಾಸ್ ಅಥವಾ ನೀರಿನ ಬಿಲ್. ಇತ್ತೀಚಿನದು ಅಂದರೆ ಸಾಮಾನ್ಯವಾಗಿ ಕಳೆದ ಮೂರು ತಿಂಗಳೊಳಗಿನದು. ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಕೆಲವು ಕಡೆ ನಡೆಯುತ್ತವೆ, ಕೆಲವು ಕಡೆ ಇಲ್ಲ.

ಹೊಸದಾಗಿ ಬಂದವರ ಕಷ್ಟ ನನಗೆ ಗೊತ್ತು. ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಹಾಗಾಗಿ ಕಾರು ಇರುತ್ತದೆ, ಕಸ ಇರುತ್ತದೆ, ಲೈಸೆನ್ಸೂ ಇರುತ್ತದೆ. ಅದರ ಮೇಲಿನ ವಿಳಾಸ ಮಾತ್ರ ಹಾಸನದ್ದೋ ಹುಬ್ಬಳ್ಳಿಯದ್ದೋ ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇಲ್ಲಿನ ವಿಳಾಸ ಇರುವುದಿಲ್ಲ. ಇಲ್ಲಿ ಇರಲು ಅನುಮತಿ ಇದೆ ಎಂದು ತೋರಿಸಲು ಮೊದಲು ಕೊಡುತ್ತಿದ್ದ ಬಿಆರ್‌ಪಿ ಕಾರ್ಡಿನ ಮೇಲೂ ವಿಳಾಸ ಇರಲಿಲ್ಲ. ಬಾಡಿಗೆಯಲ್ಲೇ ಎಲ್ಲ ಬಿಲ್ ಸೇರಿದ್ದರೆ ನಿಮ್ಮ ಹೆಸರಲ್ಲಿ ಒಂದು ಬಿಲ್ಲೂ ಇರುವುದಿಲ್ಲ.

ಇಂಥವರಿಗೆ ನಾನು ಹೇಳುವುದು ಇದು. ಮನೆಗೆ ಬಂದ ಮೊದಲ ವಾರವೇ ಕೌನ್ಸಿಲ್ ಟ್ಯಾಕ್ಸ್‌ಗೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ. ಹೇಗಿದ್ದರೂ ಕಟ್ಟಲೇಬೇಕು. ಬೇಗ ನೋಂದಾಯಿಸಿದರೆ ನಿಮ್ಮ ಹೆಸರು, ವಿಳಾಸ ಎರಡೂ ಇರುವ ಕಾಗದ ಬೇಗ ಕೈಗೆ ಬರುತ್ತದೆ. ಬ್ಯಾಂಕ್ ಖಾತೆಯ ವಿಳಾಸವನ್ನೂ ಕೂಡಲೇ ಸರಿಮಾಡಿಸಿ.

ಆಮೇಲೆ ಪ್ರಾವಿಷನಲ್ ಲೈಸೆನ್ಸ್‌ಗೆ, ಅಂದರೆ ಇಲ್ಲಿನ ಕಲಿಕಾ ಲೈಸೆನ್ಸ್‌ಗೆ, ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ 34 ಪೌಂಡ್. ಈ ದೇಶದಲ್ಲಿ ಕನಿಷ್ಠ 185 ದಿನ ಇರಲು ಅನುಮತಿ ಇರಬೇಕು. ಮುಂದೆ ಡ್ರೈವಿಂಗ್ ಪರೀಕ್ಷೆಗೆ ಅದು ಬೇಕೇ ಬೇಕು. ಫೋಟೊ, ವಿಳಾಸ ಎರಡೂ ಒಂದೇ ಕಾರ್ಡಿನಲ್ಲಿ ಇರುವುದರಿಂದ ಟಿಪ್‌ನ ಗೇಟಿನಲ್ಲಿ ಅದಕ್ಕಿಂತ ಸುಲಭದ ದಾಖಲೆ ಇಲ್ಲ. ಮನೆ ಬದಲಿಸಿದಾಗ ಕಾರ್ಡಿನ ವಿಳಾಸ ಬದಲಿಸಿಕೊಳ್ಳುವುದು ಉಚಿತ. ಬದಲಿಸದೆ ಬಿಟ್ಟರೆ 1000 ಪೌಂಡ್‌ವರೆಗೆ ದಂಡ ಬೀಳಬಹುದು.

ಓದಲು ಬಂದ ಮಕ್ಕಳಿಗೆ ಒಂದು ಮಾತು. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ. ಹಾಗೆಂದು ನೀವು ಅಲ್ಲಿನ ನಿವಾಸಿ ಅಲ್ಲ ಎಂದಲ್ಲ. ಟಿಪ್ ಬಳಸುವ ಹಕ್ಕು ವಾಸದಿಂದ ಬರುತ್ತದೆ, ಟ್ಯಾಕ್ಸ್ ರಸೀದಿಯಿಂದ ಅಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಬಾಡಿಗೆ ಕರಾರು ನಡೆಯುತ್ತದೆಯಾ ಎಂದು ಕೌನ್ಸಿಲ್‌ಗೆ ಮೊದಲೇ ಬರೆದು ಕೇಳಿ. ಅವರ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಗೇಟಿನಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಅದನ್ನು ತೋರಿಸುವುದು ವಾಸಿ.

ದಾಖಲೆಯನ್ನು ಫೋನಿನಲ್ಲಿ ತೋರಿಸಿದರೆ ಸಾಕಾ, ಕಾಗದವೇ ಬೇಕಾ? ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ನಾನು ಕೌನ್ಸಿಲ್ ಟ್ಯಾಕ್ಸ್ ಬಿಲ್‌ನ ಒಂದು ಪ್ರತಿಯನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿರುತ್ತೇನೆ. ಪ್ರತಿ ಏಪ್ರಿಲ್‌ನಲ್ಲಿ ಹೊಸ ಬಿಲ್ ಬಂದಾಗ ಬದಲಿಸುತ್ತೇನೆ.

ಮೂರನೆಯದು: ಸ್ಲಾಟ್, ಕಾರಿನ ನಂಬರ್, ಪರ್ಮಿಟ್

ಮೊದಲೆಲ್ಲ ಸೀದಾ ಹೋಗಿ ಸಾಲಿನಲ್ಲಿ ನಿಂತರೆ ಆಗುತ್ತಿತ್ತು. 2020ರಲ್ಲಿ ಕೋವಿಡ್ ಸಮಯದಲ್ಲಿ ಎಷ್ಟೋ ಕೌನ್ಸಿಲ್‌ಗಳು ಮುಂಚೆಯೇ ಸಮಯ ಕಾದಿರಿಸುವ ಪದ್ಧತಿ ತಂದವು. ಕೆಲವರು ಆಮೇಲೆ ಬಿಟ್ಟರು, ಕೆಲವರು ಉಳಿಸಿಕೊಂಡರು. ಸ್ಲಾಟ್ ಬೇಕಿರುವ ಕಡೆ ಅದಿಲ್ಲದೆ ಹೋದರೆ ಜಾಗ ಖಾಲಿ ಇದ್ದರೂ ಒಳಗೆ ಬಿಡದೆ ಇರಬಹುದು. ಬುಕ್ ಮಾಡುವಾಗ ಪೋಸ್ಟ್‌ಕೋಡ್, ಕಾರಿನ ನಂಬರ್ ಕೇಳುತ್ತಾರೆ. ಕೆಲವು ಕಡೆ ಗೇಟಿನಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಹಾಗಾಗಿ ಬುಕ್ ಮಾಡಿದ ಕಾರಿನಲ್ಲೇ ಹೋಗಿ. ಕೊನೇ ಗಳಿಗೆಯಲ್ಲಿ ಗೆಳೆಯರ ಕಾರು ತೆಗೆದುಕೊಂಡರೆ ಬುಕಿಂಗ್‌ನಲ್ಲಿ ನಂಬರ್ ಬದಲಿಸಿ.

ಗೆಳೆಯರ ಕಾರು ಅಂದಾಗ ನೆನಪಾಯಿತು. ನಿಮ್ಮ ಹತ್ತಿರ ಕಾರಿಲ್ಲ, ಪಕ್ಕದ ಕೌನ್ಸಿಲ್‌ನಲ್ಲಿ ಇರುವ ಗೆಳೆಯ ಸಹಾಯಕ್ಕೆ ಬಂದಿದ್ದಾನೆ ಅಂದುಕೊಳ್ಳಿ. ಆಗ ನೀವೂ ಕಾರಿನಲ್ಲಿ ಕೂತು ಹೋಗಿ, ನಿಮ್ಮ ದಾಖಲೆ ನೀವೇ ತೋರಿಸಿ. ಕಸವನ್ನು ಅವನ ಕೈಗೆ ಕೊಟ್ಟು ಕಳಿಸಿದರೆ ಅವನು ನಿಮ್ಮ ಟಿಪ್‌ಗೂ ಹೊರಗಿನವನು, ಅವನ ಟಿಪ್‌ನಲ್ಲಿ ನಿಮ್ಮ ಕಸವೂ ಹೊರಗಿನದು.

ಮನೆ ಬದಲಿಸುವಾಗ ವ್ಯಾನ್ ಬಾಡಿಗೆಗೆ ತರುವವರು ಇನ್ನೂ ಹುಷಾರಾಗಿರಬೇಕು. ವ್ಯಾನ್, ಪಿಕಪ್, ಟ್ರೇಲರ್ ಕಂಡರೆ ವ್ಯಾಪಾರದ ಕಸ ಇರಬಹುದು ಎಂಬ ಅನುಮಾನ ಸಹಜವಾಗಿ ಬರುತ್ತದೆ. ಅದಕ್ಕೆ ಎಷ್ಟೋ ಕೌನ್ಸಿಲ್‌ಗಳು ಇವಕ್ಕೆ ಪರ್ಮಿಟ್ ಕೇಳುತ್ತವೆ, ವರ್ಷಕ್ಕೆ ಇಷ್ಟೇ ಸಲ ಎಂದು ಮಿತಿ ಹಾಕುತ್ತವೆ. ಕೆಲವು ಕಡೆ ಎತ್ತರದ ಅಡ್ಡಪಟ್ಟಿ ಇರುತ್ತದೆ, ದೊಡ್ಡ ವ್ಯಾನ್ ದಾಟುವುದೇ ಇಲ್ಲ. ಬಾಡಿಗೆ ವ್ಯಾನ್ ಆದರೆ ಬಾಡಿಗೆ ಪತ್ರವನ್ನೂ ಜೊತೆಗೆ ಇಟ್ಟುಕೊಳ್ಳಿ. ಪರ್ಮಿಟ್ ಸಿಗಲು ಕೆಲವು ದಿನ ಬೇಕಾಗಬಹುದು. ಮನೆ ಬಿಡುವ ಹಿಂದಿನ ದಿನ ಹುಡುಕಿದರೆ ಸಿಗುವುದಿಲ್ಲ.

ನಡೆದು ಹೋಗಬಹುದಾ? ಬಹಳ ಕಡೆ ಬಿಡುವುದಿಲ್ಲ, ವಾಹನಗಳ ಓಡಾಟದ ಅಪಾಯಕ್ಕೆ. ಬಿಡುವ ಕಡೆಗಳೂ ಇವೆ, ಪುಟದಲ್ಲಿ ಬರೆದಿರುತ್ತದೆ.

ನಾಲ್ಕನೆಯದು: ಏನು ತೆಗೆದುಕೊಳ್ಳುತ್ತಾರೆ, ಎಷ್ಟು

ಉಚಿತ ಅನ್ನುವುದು ಮನೆಯ ಕಸಕ್ಕೆ. ಅಂಗಡಿ, ಕೇಟರಿಂಗ್, ಮನೆಯಿಂದಲೇ ನಡೆಸುವ ವ್ಯಾಪಾರ, ಇವುಗಳ ಕಸ ಮನೆಯ ಕಸವಲ್ಲ. ಮನೆ ಬಾಡಿಗೆಗೆ ಕೊಟ್ಟವರು ಬಾಡಿಗೆದಾರರು ಬಿಟ್ಟುಹೋದ ಸಾಮಾನು ಖಾಲಿ ಮಾಡಿಸಿದರೆ ಅದನ್ನೂ ಸಾಮಾನ್ಯವಾಗಿ ವ್ಯಾಪಾರದ ಕಸ ಎಂದೇ ನೋಡುತ್ತಾರೆ. ಇಲ್ಲಿ ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟ ನಮ್ಮವರು ಇದನ್ನು ಗಮನದಲ್ಲಿಡಿ.

ಮನೆಯಲ್ಲಿ ನೀವೇ ಮಾಡಿಕೊಂಡ ರಿಪೇರಿಯ ಕಸಕ್ಕೆ 2023ರ ಡಿಸೆಂಬರ್ 31ರಿಂದ ಇಂಗ್ಲೆಂಡಿನಲ್ಲಿ ಹೊಸ ನಿಯಮ ಇದೆ. ಅದಕ್ಕೆ ಮೊದಲು ಇಟ್ಟಿಗೆ ಚೂರು, ಟೈಲ್ಸ್, ಹಳೇ ಸಿಂಕ್ ತಂದರೆ ಚೀಲಕ್ಕೆ ಇಷ್ಟು ಎಂದು ಕೆಲವು ಕೌನ್ಸಿಲ್‌ಗಳು ದುಡ್ಡು ತೆಗೆದುಕೊಳ್ಳುತ್ತಿದ್ದವು. ಈಗ 50 ಲೀಟರಿನ ಎರಡು ಚೀಲದಷ್ಟು ಉಚಿತ. ಅಥವಾ ಚೀಲಕ್ಕೆ ಹಿಡಿಸದ ಒಂದು ಸಾಮಾನು, ಎರಡು ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರದೊಳಗೆ. ಸ್ನಾನದ ತೊಟ್ಟಿ ಈ ಅಳತೆಗೆ ಹೊಂದುತ್ತದೆ. ನಾಲ್ಕು ವಾರದಲ್ಲಿ ಒಂದು ಮನೆಗೆ ನಾಲ್ಕು ಸಲ ಮಾತ್ರ. ಕೆಲಸವನ್ನು ನೀವೇ ಮಾಡಿರಬೇಕು. ದುಡ್ಡು ಕೊಟ್ಟು ಬಿಲ್ಡರ್ ಕೈಲಿ ಮಾಡಿಸಿದರೆ ಕಸ ಸಾಗಿಸುವುದು ಬಿಲ್ಡರ್‌ನ ಜವಾಬ್ದಾರಿ. ಇದನ್ನು ಕೆಲಸ ಒಪ್ಪಿಸುವಾಗಲೇ ಬರಹದಲ್ಲಿ ಕೇಳಿಕೊಳ್ಳಿ.

ನಮ್ಮ ಮನೆಗಳಿಂದ ಹೆಚ್ಚಾಗಿ ಹೋಗುವ ಕೆಲವು ಸಾಮಾನುಗಳ ಬಗ್ಗೆ ಹೇಳುತ್ತೇನೆ. ಸುಟ್ಟುಹೋದ ಮಿಕ್ಸಿ, ವೆಟ್ ಗ್ರೈಂಡರ್, ಇಸ್ತ್ರಿಪೆಟ್ಟಿಗೆ ವಿದ್ಯುತ್ ಸಾಮಾನಿನ ಕಂಟೇನರ್‌ಗೆ. ತಳ ಉಬ್ಬಿದ ಕುಕ್ಕರ್, ಹಳೇ ಬಾಣಲೆ ಲೋಹದ ಕಡೆಗೆ. ಹಬ್ಬಕ್ಕೆ ಚಕ್ಕುಲಿ, ಕಜ್ಜಾಯ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಅದು ಕೊಳವೆಯೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ತಣಿಸಿ, ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಮಾಡಿ ಒಯ್ಯಿರಿ. ಅಡುಗೆ ಎಣ್ಣೆಗೆ ಬೇರೆ ಟ್ಯಾಂಕ್ ಇರುವ ಕೇಂದ್ರಗಳು ಬಹಳ ಇವೆ. ಪಕ್ಕದಲ್ಲೇ ಇರುವ ಎಂಜಿನ್ ಆಯಿಲ್ ಟ್ಯಾಂಕಿಗೆ ಮಾತ್ರ ಸುರಿಯಬೇಡಿ.

ಸೋಫಾ, ಮೆತ್ತೆ ಇರುವ ಕುರ್ಚಿಗಳನ್ನು 2023ರಿಂದ ಬೇರೆಯಾಗಿಯೇ ಇಡಿಸುತ್ತಾರೆ. ಬೆಂಕಿ ಹತ್ತದಿರಲೆಂದು ಹಳೇ ಮೆತ್ತೆಗಳಿಗೆ ಹಾಕಿದ್ದ ಕೆಲವು ರಾಸಾಯನಿಕಗಳು ಮಣ್ಣಿನಲ್ಲಿ ಕರಗುವುದಿಲ್ಲ. ಹಾಗಾಗಿ ಅವನ್ನು ಹೂಳುವಂತಿಲ್ಲ, ಸುಡಲೇಬೇಕು. ಜಿಪ್ಸಮ್ ಹಲಗೆ, ಅಂದರೆ ಪ್ಲಾಸ್ಟರ್‌ಬೋರ್ಡ್ ಕೂಡ ಬೇರೆ. ದ್ರವರೂಪದ ಬಣ್ಣವನ್ನು ಬಹಳ ಕಡೆ ತೆಗೆದುಕೊಳ್ಳುವುದಿಲ್ಲ. ಡಬ್ಬಕ್ಕೆ ಮರಳು ಅಥವಾ ಮರದ ಹೊಟ್ಟು ಹಾಕಿ ಗಟ್ಟಿ ಮಾಡಿ ತನ್ನಿ ಅನ್ನುತ್ತಾರೆ. ಗ್ಯಾಸ್ ಸಿಲಿಂಡರ್ ಕಂಪನಿಯ ಸ್ವತ್ತು, ಕೊಂಡ ಕಡೆಗೇ ವಾಪಸ್ ಕೊಡುವುದು ಒಳ್ಳೆಯದು.

ಬ್ಯಾಟರಿ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಹಳೇ ಫೋನು, ಪವರ್ ಬ್ಯಾಂಕ್, ಮಕ್ಕಳ ಆಟಿಕೆಯ ಬ್ಯಾಟರಿಯನ್ನು ಸಾಮಾನ್ಯ ಕಸದ ಜೊತೆ ಹಾಕಬೇಡಿ. ಲಾರಿಯಲ್ಲಿ ಜಜ್ಜಿದಾಗ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯುತ್ತದೆ. ಆ ಲಾರಿಯಲ್ಲಿ ಮನುಷ್ಯರು ಕೆಲಸ ಮಾಡುತ್ತಿರುತ್ತಾರೆ. ಸಣ್ಣ ಬ್ಯಾಟರಿಗಾಗಿ ಟಿಪ್‌ವರೆಗೂ ಹೋಗಬೇಕಿಲ್ಲ, ದೊಡ್ಡ ಸೂಪರ್‌ಮಾರ್ಕೆಟ್ಟಿನ ಬಾಗಿಲ ಬಳಿ ಡಬ್ಬ ಇಟ್ಟಿರುತ್ತಾರೆ.

ಐದನೆಯದು: ಹೋಗುವ ದಿನ

ಮನೆಯಲ್ಲೇ ವಿಂಗಡಿಸಿಕೊಂಡು ಕಾರಿಗೆ ತುಂಬಿ. ಕೊನೆಗೆ ಹಾಕಬೇಕಾದದ್ದು ಒಳಗೆ, ಮೊದಲು ಹಾಕಬೇಕಾದದ್ದು ಬಾಗಿಲ ಹತ್ತಿರ. ಕಪ್ಪು ಚೀಲ ತುಂಬಿಕೊಂಡು ಹೋದರೆ ಬಿಚ್ಚಿ ತೋರಿಸಲು ಹೇಳಬಹುದು. ರಟ್ಟಿನ ಡಬ್ಬ ಚಪ್ಪಟೆ ಮಾಡಿ. ಡಬ್ಬದ ಮೇಲಿನ ವಿಳಾಸದ ಚೀಟಿ ಕೀಳಿ. ಮುಚ್ಚಿದ ಶೂ, ಕೈಗವಸು ಇರಲಿ. ಕಂಟೇನರ್ ಹತ್ತಿರಕ್ಕೆ ಮೆಟ್ಟಿಲು ಹತ್ತಬೇಕಾಗಬಹುದು. ಭಾರ ಎತ್ತಲು ಸಿಬ್ಬಂದಿ ಬರುತ್ತಾರೆ ಎಂದು ನಂಬಿಕೊಳ್ಳಬೇಡಿ, ಇನ್ನೊಬ್ಬರನ್ನು ಕರೆದುಕೊಂಡೇ ಹೋಗಿ. ಮಕ್ಕಳು ಕಾರಿನಿಂದ ಇಳಿಯದಿರಲಿ.

ಕಂಟೇನರ್‌ನಲ್ಲಿ ಚೆನ್ನಾಗಿರುವ ಸೈಕಲ್ ಕಂಡಿತು, ತೆಗೆದುಕೊಳ್ಳಬಹುದಾ? ಬೇಡ. ಒಳಗೆ ಬಿದ್ದದ್ದು ಕೌನ್ಸಿಲ್‌ನ ಸ್ವತ್ತು. ತೆಗೆದರೆ ಕಳ್ಳತನದ ಲೆಕ್ಕಕ್ಕೆ ಬರಬಹುದು. ಕೆಲವು ಕೇಂದ್ರಗಳಲ್ಲಿ ಮರುಬಳಕೆ ಅಂಗಡಿ ಇರುತ್ತದೆ, ಅಂಥದ್ದು ಅಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ.

ನೀವು ಆ ಕೌನ್ಸಿಲ್‌ನವರಲ್ಲ ಎಂದಾದರೆ

ಹತ್ತಿರದ ಟಿಪ್ ಪಕ್ಕದ ಕೌನ್ಸಿಲ್‌ನದು, ನಿಮ್ಮದು ಅರ್ಧ ಗಂಟೆ ದೂರ. ಗಡಿಯಲ್ಲಿ ಇರುವವರಿಗೆ ಇದು ನಿಜವಾದ ಕಷ್ಟ. ಮೊದಲು ಎರಡೂ ಕೌನ್ಸಿಲ್‌ಗಳ ನಡುವೆ ಒಪ್ಪಂದ ಇದೆಯಾ ನೋಡಿ. ಕೆಲವು ಕಡೆ ಒಂದು ಕೌನ್ಸಿಲ್ ಇನ್ನೊಂದಕ್ಕೆ ದುಡ್ಡು ಕೊಟ್ಟು ತನ್ನ ಜನರಿಗೆ ಅನುಕೂಲ ಮಾಡಿರುತ್ತದೆ. ಹ್ಯಾಂಪ್‌ಷೈರ್‌ನಂಥ ಕೌಂಟಿ ಹೊರಗಿನವರನ್ನು ಪೂರ್ತಿ ತಡೆಯದೆ, ಪ್ರತಿ ಭೇಟಿಗೂ ದುಡ್ಡು ತೆಗೆದುಕೊಳ್ಳುವ ದಾರಿ ಹಿಡಿದಿದೆ. ಪೆಟ್ರೋಲ್ ಖರ್ಚಿನ ಜೊತೆ ಹೋಲಿಸಿ ನೋಡಿ. ಗೆಳೆಯರ ಬಿಲ್ ತೋರಿಸಿ ಒಳಹೋಗುವ ಯೋಚನೆ ಮಾತ್ರ ಬಿಡಿ. ಹೊಸ ದೇಶದಲ್ಲಿ ಕಸದ ಸಲುವಾಗಿ ಸುಳ್ಳು ಹೇಳುವುದು ಬೇಡ.

ಟಿಪ್ ಒಂದೇ ದಾರಿಯೂ ಅಲ್ಲ. ನಿಮ್ಮ ಕೌನ್ಸಿಲ್‌ಗೆ ದುಡ್ಡು ಕಟ್ಟಿದರೆ ದೊಡ್ಡ ಸಾಮಾನನ್ನು ಮನೆ ಬಾಗಿಲಿಂದಲೇ ಒಯ್ಯುತ್ತಾರೆ. ಹೊಸ ಫ್ರಿಜ್ ಕೊಳ್ಳುತ್ತಿದ್ದರೆ ಹಳೆಯದನ್ನು ತೆಗೆದುಕೊಂಡು ಹೋಗುತ್ತೀರಾ ಎಂದು ಅಂಗಡಿಯವರನ್ನು ಕೇಳಿ. ವಿದ್ಯುತ್ ಸಾಮಾನು ಮಾರುವ ದೊಡ್ಡ ಅಂಗಡಿಗಳು 25 ಸೆಂಟಿಮೀಟರಿಗಿಂತ ಚಿಕ್ಕ ಹಳೇ ಸಾಮಾನನ್ನು, ನೀವು ಏನೂ ಕೊಳ್ಳದಿದ್ದರೂ ತೆಗೆದುಕೊಳ್ಳಬೇಕು. ಚೆನ್ನಾಗಿರುವ ಸೋಫಾವನ್ನು ಚಾರಿಟಿ ಅಂಗಡಿಗಳು ಬಂದು ಒಯ್ಯುತ್ತವೆ, ಆದರೆ ಬೆಂಕಿ ಸುರಕ್ಷತೆಯ ಲೇಬಲ್ ಇರಲೇಬೇಕು. ಆ ಲೇಬಲ್ ಚುಚ್ಚುತ್ತದೆ ಎಂದು ಕತ್ತರಿಸಿ ಹಾಕಬೇಡಿ.

ವ್ಯಾನಿನವರ ಕೈಗೆ ಕೊಡುವ ಮೊದಲು

ನಾವು ಗೇಟಿನಿಂದ ವಾಪಸ್ ಬಂದ ಆ ದಿನ ಪರಿಚಯದವರೊಬ್ಬರು ಒಂದು ಫೋನ್ ನಂಬರ್ ಕೊಟ್ಟಿದ್ದರು. ಇಪ್ಪತ್ತು ಪೌಂಡ್ ಕೊಟ್ಟರೆ ವ್ಯಾನಿನಲ್ಲಿ ಬಂದು ಎಲ್ಲ ಒಯ್ಯುತ್ತಾರೆ ಎಂದರು. ನಮಗೂ ಸಾಕಾಗಿತ್ತು, ಇನ್ನೇನು ಫೋನ್ ಮಾಡುವುದರಲ್ಲಿದ್ದೆವು. ಗೇಟಿನಿಂದ ವಾಪಸ್ ಬಂದವರು ಸಿಕ್ಕಿಬೀಳುವುದು ಇಲ್ಲೇ.

ಇಲ್ಲಿನ ಕಾನೂನಿನಲ್ಲಿ ಕಸ ಕೈದಾಟಿದ ಮಾತ್ರಕ್ಕೆ ಜವಾಬ್ದಾರಿ ಮುಗಿಯುವುದಿಲ್ಲ. ಒಯ್ಯುವವರಿಗೆ ಪರವಾನಗಿ ಇದೆಯಾ ಎಂದು ನೋಡುವುದು ಮನೆಯವರ ಕರ್ತವ್ಯ. ನೋಡದೆ ಕೊಟ್ಟರೆ 600 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಇದೆ. ಅವರು ಆ ಕಸವನ್ನು ಎಲ್ಲೋ ರಸ್ತೆ ಬದಿ ಸುರಿದು ಹೋದರೆ, ಅಧಿಕಾರಿಗಳು ಬಂದು ಕೆದಕಿದಾಗ ಸಿಗುವುದು ನಿಮ್ಮ ಹೆಸರಿನ ಲಕೋಟೆ, ನಿಮ್ಮ ಪಾರ್ಸೆಲ್ ಡಬ್ಬದ ಚೀಟಿ. ಆಗ ಪತ್ರ ಬರುವುದು ನಿಮ್ಮ ಮನೆಗೆ. ವೀಸಾ ಮೇಲೆ ಇರುವವರಿಗೆ ಅಂಥ ಪತ್ರ ಎಷ್ಟು ನಿದ್ದೆ ಕೆಡಿಸುತ್ತದೆ ಎಂದು ನಾನು ಹೇಳಬೇಕಿಲ್ಲ.

ಹಾಗಾಗಿ ಕೊಡುವ ಮೊದಲು ಅವರ ವೇಸ್ಟ್ ಕ್ಯಾರಿಯರ್ ನಂಬರ್, ಅಂದರೆ ಕಸ ಸಾಗಿಸುವ ಪರವಾನಗಿಯ ನಂಬರ್ ಕೇಳಿ. ಸಾಮಾನ್ಯವಾಗಿ ಅದು ಸಿಬಿಡಿಯು ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಸರ್ಕಾರದ ಪರಿಸರ ಸಂಸ್ಥೆಯಾದ ಎನ್ವಿರಾನ್‌ಮೆಂಟ್ ಏಜೆನ್ಸಿಯ ಆನ್‌ಲೈನ್ ಪಟ್ಟಿಯಲ್ಲಿ ಆ ನಂಬರ್ ಇದೆಯಾ ನೋಡಿ, ಎರಡು ನಿಮಿಷದ ಕೆಲಸ. ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ರಸೀದಿ ತೆಗೆದುಕೊಳ್ಳಿ. ವ್ಯಾನಿನ ನಂಬರ್ ಪ್ಲೇಟಿನ ಫೋಟೊ ಇಟ್ಟುಕೊಳ್ಳಿ. ನಗದು ಮಾತ್ರ, ರಸೀದಿ ಇಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ನಾವು ಅವತ್ತು ಆ ನಂಬರಿಗೆ ಫೋನ್ ಮಾಡಲಿಲ್ಲ. ಕಪಾಟು ಇನ್ನೂ ಐದು ವಾರ ಬಚ್ಚಲು ಮನೆಯ ಬಾಗಿಲ ಪಕ್ಕ ನಿಂತಿತ್ತು. ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂದ ವಾರ ಅದನ್ನು ಟಿಪ್‌ಗೆ ಒಯ್ದೆವು.

ಬಾಡಿಗೆ ಮನೆ ಬಿಡುತ್ತಿರುವವರಿಗೆ ಇನ್ನೊಂದು ವಿಷಯ. ಬೇರೆ ಕೌನ್ಸಿಲ್‌ಗೆ ಹೋಗುತ್ತಿದ್ದರೆ ಟಿಪ್ ಕೆಲಸವನ್ನು ಕೀಲಿ ಕೊಡುವ ಮೊದಲೇ ಮುಗಿಸಿ. ಕೀಲಿ ಕೊಟ್ಟ ಮರುದಿನದಿಂದ ನೀವು ಆ ಊರಿನ ನಿವಾಸಿಯಲ್ಲ. ಹೊಸ ಊರಿನ ಕಾಗದ ಕೈಗೆ ಬರಲು ಮತ್ತೆ ಕೆಲವು ವಾರ ಹಿಡಿಯುತ್ತದೆ. ಮನೆ ಬಿಡಲು ಎರಡು ವಾರ ಇರುವಾಗ ಒಂದು ಸ್ಲಾಟ್, ಕೊನೆಯ ವಾರಕ್ಕೆ ಇನ್ನೊಂದು ಬುಕ್ ಮಾಡಿಟ್ಟುಕೊಳ್ಳಿ. ಎರಡನೆಯದು ಬೇಡವಾದರೆ ರದ್ದು ಮಾಡಿ, ಬೇರೆಯವರಿಗೆ ಸಿಗುತ್ತದೆ.